ಕಲ್ಪಿತ ಭಾಷೆಯೂ ಅದನ್ನಾಡುವ ಜನರೂ

ತನಗೆ ತಿಳಿಯದ ಮಾತನ್ನು ಮಾತೆಂದು ಒಪ್ಪಿಕೊಳ್ಳುವುದು ಮನುಷ್ಯನಿಗೆ ಎಂದೂ ಸುಲಭವಾಗಿಲ್ಲ. ಗ್ರೀಕರು ತಮ್ಮ ನುಡಿಯನ್ನಾಡದವರನ್ನೆಲ್ಲ 'ಬಾರ್ಬರೋಸ್' ಎಂದು ಕರೆದರು. ಪರರ ಮಾತು ಅವರ ಕಿವಿಗೆ ಬರಿಯ 'ಬರ್ ಬರ್' ಎಂಬ ಸದ್ದಾಗಿ ಕೇಳಿಸಿತಂತೆ. ನಮ್ಮ ಪೂರ್ವಿಕರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. 'ಮ್ಲೇಚ್ಛ' ಎಂಬ ಶಬ್ದಕ್ಕೂ ಮೊದಲಿಗೆ ಅಸ್ಪಷ್ಟವಾಗಿ ಮಾತನಾಡುವವನೆಂಬ ಅರ್ಥವೇ ಇತ್ತು. ಅಸುರರು ಉಚ್ಚಾರಣೆ ಕೆಟ್ಟು ಸೋತರೆಂಬ ಕಥೆ ಶತಪಥ ಬ್ರಾಹ್ಮಣದಲ್ಲಿದೆ. ವ್ಯಾಕರಣವನ್ನು ಏಕೆ ಓದಬೇಕೆಂಬುದಕ್ಕೆ ಪತಂಜಲಿಯು ಮಹಾಭಾಷ್ಯದಲ್ಲಿ ಆ ಪ್ರಸಂಗವನ್ನೇ ನಿದರ್ಶನವಾಗಿ ಎತ್ತಿಕೊಂಡಿದ್ದಾನೆ. ರಕಾರವಿರಬೇಕಾದ ಕಡೆ ಲಕಾರ ಬಂದದ್ದೇ ಪಾಪ, ಅವರ ಅಪರಾಧ!

ಇಲ್ಲದ ಜನರನ್ನು ಕಲ್ಪಿಸಿ, ಅವರ ಬಾಯಲ್ಲಿ ಇಲ್ಲದ ಭಾಷೆಯೊಂದನ್ನು ಆಡಿಸುವುದು ಕವಿಗಳಿಗೂ ನಾಟಕಕಾರರಿಗೂ ಇರುವ ಸ್ವಾತಂತ್ರ್ಯ. ಅದನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಆ ಬಾಯಲ್ಲಿ ಇಡುವುದು ಮಾತೋ ಬರಿಯ ಸದ್ದೋ ಎಂಬುದನ್ನು ನಾವು ಕೇಳಲೇಬೇಕು. ಏಕೆಂದರೆ ಕಲ್ಪಿತ ಜನರ ಬಗೆಗೆ ಬೆಳೆಸಿಕೊಂಡ ಅಭ್ಯಾಸ ನಿಜವಾದ ಜನರ ಮೇಲೂ ಬಂದು ಬೀಳುತ್ತದೆ.

ಕನ್ನಡಿಗರಿಗೆ ಹತ್ತಿರವಾದ ಒಂದು ಉದಾಹರಣೆಯುಂಟು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಹಳೆಯ ಕಸದ ದಿಬ್ಬಗಳನ್ನು ಅಗೆದು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಸಾವಿರಾರು ಪಪೈರಸ್ ಹಾಳೆಗಳನ್ನು ತೆಗೆದರು. 1903ರಲ್ಲಿ ಅವರು ಪ್ರಕಟಿಸಿದ 413ನೆಯ ಪಪೈರಸ್ಸಿನಲ್ಲಿ ಕ್ರಿ.ಶ. ಎರಡನೆಯ ಶತಮಾನದ ಒಂದು ಗ್ರೀಕ್ ಪ್ರಹಸನವಿದೆ. ಕರಿತಿಯೋನ್ ಎಂಬ ಗ್ರೀಕ್ ತರುಣಿ ಹಿಂದೂಸ್ಥಾನದ ಕಡಲ ತೀರದ ದೇವಾಲಯವೊಂದರಲ್ಲಿ ಸೆರೆಯಾಗಿದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬರುತ್ತಾನೆ. ಅಲ್ಲಿಯ ರಾಜನಿಗೂ ಅವನ ಜನರಿಗೂ ನೀರು ಬೆರೆಸದ ಮದ್ಯವನ್ನು ಕುಡಿಸಿ, ಅವರು ಮತ್ತರಾದಾಗ ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ನಡುವೆ ನಗಿಸಲು ಒಬ್ಬ ವಿದೂಷಕ. ಅವನ ಅಪಾನವಾಯುವೇ ಅವನ ಆಯುಧ. ಆ ರಾಜನೂ, ಬೇಟೆಯಿಂದ ಹಿಂದಿರುಗುವ ಹೆಂಗಸರೂ ಯಾರಿಗೂ ಅರ್ಥವಾಗದ ಒಂದು ಭಾಷೆಯನ್ನಾಡುತ್ತಾರೆ.

1904ರಲ್ಲಿ ಜರ್ಮನಿಯ ಹುಲ್ಟ್‌ಷ್ ಎಂಬ ಶಾಸನತಜ್ಞರು ಆ ಮಾತುಗಳು ಕನ್ನಡವೆಂದು ಸೂಚಿಸಿದರು. ಬೇರೆ, ಕೊಂಚ, ಮಧು, ಪಾತ್ರ ಮೊದಲಾದ ಶಬ್ದಗಳು ಅಲ್ಲಿ ಅವರಿಗೆ ಕಂಡವು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳೂ, ಮಂಜೇಶ್ವರದ ಗೋವಿಂದ ಪೈಗಳೂ ಈ ವಾದದಲ್ಲಿ ಆಸಕ್ತಿ ತಳೆದರು. 1926ರಲ್ಲಿ ಬಾರ್ನೆಟ್ ಎಂಬ ಇಂಗ್ಲಿಷ್ ವಿದ್ವಾಂಸರು ಇದನ್ನು ಒಪ್ಪದೆ ಒಂದು ಲೇಖನವನ್ನೇ ಬರೆದರು. ಅದು ತುಳುವೆಂದವರೂ ಇದ್ದಾರೆ. ನಗಿಸುವುದಕ್ಕಾಗಿ ಕಟ್ಟಿದ ಸದ್ದೇ ಹೊರತು ಯಾವ ಭಾಷೆಯೂ ಅಲ್ಲವೆಂದವರೂ ಇದ್ದಾರೆ.

ಸುಮಾರು ಕ್ರಿ.ಶ. 450ರದೆಂದು ಹೇಳುವ ಹಲ್ಮಿಡಿ ಶಾಸನವನ್ನು ಎಂ.ಎಚ್. ಕೃಷ್ಣ ಅವರು ಪತ್ತೆಹಚ್ಚಿದ್ದು 1936ರಲ್ಲಿ. ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ನೈಲ್ ನದಿಯ ದೇಶದಲ್ಲಿ ನಮ್ಮ ನುಡಿ ಕೇಳಿಸಿತೆಂದರೆ ಯಾರ ಮೈ ಪುಳಕಗೊಳ್ಳದು? ಆದರೆ ಹಲ್ಮಿಡಿಯ ಹದಿನಾರು ಸಾಲುಗಳನ್ನು ಓದಲು ತಿಣುಕಿದ ನಮ್ಮಂಥ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ, ಅದಕ್ಕೂ ಹಿಂದಿನ ಕನ್ನಡ ನಮ್ಮ ಇಂದಿನ ಬಾಯಿಮಾತಿನಂತೆಯೇ ಇದ್ದಿತೆಂದು ನಂಬುವುದು ಕಷ್ಟ. ಅದಿರಲಿ. ಅದು ಕನ್ನಡವೇ ಎಂದು ಇಟ್ಟುಕೊಂಡರೂ, ಆ ನಾಟಕವನ್ನು ನೋಡಿದ ಗ್ರೀಕ್ ಪ್ರೇಕ್ಷಕರಿಗೆ ಅದು ಕನ್ನಡವಾಗಿರಲಿಲ್ಲ. ಅವರಿಗೆ ಅದು ಕುಡಿದು ತೂರಾಡುವ ಅನಾಗರಿಕರ ಗದ್ದಲ. ನಾವು ಹೆಮ್ಮೆಯಿಂದ ಕೈಯೆತ್ತಿ 'ಅದು ನಮ್ಮ ಭಾಷೆ' ಎನ್ನುವ ಜಾಗ ಗೇಲಿಗೆ ಗುರಿಯಾದವನ ಜಾಗ. ನೂರು ವರ್ಷಗಳಿಂದ 'ಅದು ಕನ್ನಡವೇ?' ಎಂಬ ಒಂದೇ ಪ್ರಶ್ನೆಯನ್ನು ಕೇಳುತ್ತ ಈ ಅಂಶವನ್ನು ನಾವು ಅಷ್ಟಾಗಿ ಗಮನಿಸಿಲ್ಲವೆಂದೇ ನನಗೆ ತೋರುತ್ತದೆ.

ಈ ಕಾಲದ ಕಲ್ಪಿತ ಭಾಷೆಗಳು ಇದಕ್ಕಿಂತ ಶ್ರಮಪಟ್ಟು ಕಟ್ಟಿದವು. ಇಂಗ್ಲೆಂಡಿನ ಪ್ರಾಧ್ಯಾಪಕ ಟೋಲ್ಕಿನ್ ಮೊದಲು ಭಾಷೆಗಳನ್ನು ಕಟ್ಟಿದರು. ಅವುಗಳನ್ನಾಡಲು ಜನ ಬೇಕಲ್ಲ ಎಂದು ಆಮೇಲೆ ಕಥೆಗಳನ್ನು ಹೆಣೆದರು. ಫಿನ್ನಿಷ್ ಭಾಷೆಯ ಮೇಲಿನ ಅವರ ಪ್ರೀತಿ ಒಂದು ಭಾಷೆಯಾಯಿತು, ವೆಲ್ಷ್ ಭಾಷೆಯ ಮೇಲಿನ ಪ್ರೀತಿ ಇನ್ನೊಂದಾಯಿತು. ನಮ್ಮ ದಕ್ಷಿಣದೇಶದಲ್ಲಿಯೇ 2015ರ 'ಬಾಹುಬಲಿ' ಚಿತ್ರಕ್ಕಾಗಿ ತಮಿಳು ಗೀತರಚನಕಾರ ಮದನ್ ಕಾರ್ಕಿ ಅವರು 'ಕಿಲಿಕಿ' ಎಂಬ ಭಾಷೆಯನ್ನು ರಚಿಸಿದರು. ಸುಮಾರು 750 ಪದಗಳು, 40 ವ್ಯಾಕರಣ ನಿಯಮಗಳು. 'ಮಿನ್' ಎಂದರೆ ನಾನು. ತಿರುಗಿಸಿದರೆ 'ನಿಮ್', ನೀನು. ಇದು ಜಾಣತನದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. 2020ರಲ್ಲಿ ಅದಕ್ಕೆ ಲಿಪಿಯನ್ನೂ ಕೊಟ್ಟು ಯಾರು ಬೇಕಾದರೂ ಕಲಿಯುವಂತೆ ಮಾಡಿದರು.

ಆದರೆ ಚಿತ್ರದಲ್ಲಿ ಆ ಭಾಷೆಯನ್ನಾಡುವವರು ಯಾರು? ಕಾಲಕೇಯರು. ಮಹಾಭಾರತದ ವನಪರ್ವದಲ್ಲಿ ಹಗಲು ಸಮುದ್ರದಲ್ಲಿ ಅಡಗಿದ್ದು ರಾತ್ರಿ ಋಷಿಗಳನ್ನು ಕೊಲ್ಲುತ್ತಿದ್ದ ಅಸುರರ ಹೆಸರು ಅದು. ಚಿತ್ರದಲ್ಲಿ ಅವರು ಕಪ್ಪಗೆ ಮಸಿ ಬಳಿದುಕೊಂಡವರು, ಕೊಲೆಗಡುಕರು. ಅಷ್ಟೊಂದು ವ್ಯಾಕರಣ ಕಟ್ಟಿದ್ದು ಒಬ್ಬ ಕ್ರೂರ ನಾಯಕನು ಯುದ್ಧಭೂಮಿಯಲ್ಲಿ ಅಬ್ಬರಿಸುವುದಕ್ಕೆ. ಆ ಜನರಲ್ಲಿಯೂ ತಾಯಂದಿರು ಇದ್ದಿರಬೇಕು, ಮಗುವಿಗೆ ಜ್ವರ ಬಂದಿರಬೇಕು, ಮಳೆ ಬಾರದೆ ಮುಗಿಲು ನೋಡಿರಬೇಕು. ಅದಾವುದನ್ನೂ ನಾವು ಅವರ ಭಾಷೆಯಲ್ಲಿ ಕೇಳುವುದಿಲ್ಲ. ವ್ಯಾಕರಣವಿದ್ದರೂ ಸುಖದುಃಖವಿಲ್ಲದಿದ್ದರೆ ಆ ಭಾಷೆ ಅರ್ಧ ಭಾಷೆಯೇ ಸರಿ.

ಇದೆಲ್ಲ ಬರಿಯ ಆಟ, ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ ಎಂದು ಗೆಳೆಯರು ಕೇಳಬಹುದು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಲ್ಲಿರುವ ಕೊರಗರನ್ನು ನೋಡಿರಿ. ಬುಟ್ಟಿ ಹೆಣೆಯುವ, ಡೋಲು ಬಾರಿಸುವ ಈ ಜನಕ್ಕೆ ಸ್ವಂತದ ಭಾಷೆಯೊಂದಿದೆ. ಬಹಳ ಕಾಲ ಹೊರಗಿನವರು ಅದನ್ನು ಗುಟ್ಟಿನ ಮಾತೆಂದು ತಿಳಿದಿದ್ದರು. 1971ರಲ್ಲಿ ನಮ್ಮ ಡಿ.ಎನ್. ಶಂಕರ ಭಟ್ಟರ ಪುಸ್ತಕ ಹೊರಬಂದು, ಅದು ತನ್ನದೇ ವ್ಯಾಕರಣವಿರುವ, ಒಳಗೆ ಉಪಭಾಷೆಗಳೂ ಇರುವ ದ್ರಾವಿಡ ಭಾಷೆಯೆಂದು ತೋರಿಸಿತು. ಅದೇ ಕೊರಗರನ್ನು ಮನುಷ್ಯರಿಗಿಂತ ಕೀಳೆಂದು ಕಾಣುವ 'ಅಜಲು' ಪದ್ಧತಿಯನ್ನು ತಡೆಯಲು 2000ದಲ್ಲಿ ಒಂದು ಕಾನೂನೇ ಬೇಕಾಯಿತು. ಒಬ್ಬನ ಮಾತನ್ನು ಮಾತಲ್ಲವೆನ್ನುವುದಕ್ಕೂ ಅವನನ್ನು ಮನುಷ್ಯನಲ್ಲವೆನ್ನುವುದಕ್ಕೂ ನಡುವೆ ಇರುವ ದೂರ ಬಹಳ ಕಡಿಮೆ.

ನಮ್ಮ ಈ ದಕ್ಷಿಣ ಬೆಂಗಳೂರಿನಲ್ಲಿ ಎರಡು ಬಗೆಯ ಕಿವಿಗಳನ್ನೂ ಕಾಣಬಹುದು. ಜೆ.ಪಿ. ನಗರದ ರಂಗಶಂಕರದಲ್ಲಿ 2004ರಿಂದ ನಾನಾ ಭಾಷೆಗಳ ನಾಟಕಗಳು ನಡೆಯುತ್ತಿವೆ. ತಿಳಿಯದ ಭಾಷೆಯ ನಾಟಕವನ್ನೂ ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ಅರ್ಥವಿದೆಯೆಂಬ ನಂಬಿಕೆಯಿಂದ ಕೇಳುತ್ತಾರೆ. ಅದೇ ನಾವು ಬನಶಂಕರಿಯ ಬಸ್ಸಿನಲ್ಲಿ ಒಡಿಶಾದ ಕೂಲಿಕಾರರಿಬ್ಬರು ಮಾತನಾಡಿಕೊಂಡರೆ 'ಏನೋ ಗಿಜಿಬಿಜಿ' ಎಂದು ನಗುತ್ತೇವೆ. ಬಿ.ಟಿ.ಎಂ. ಬಡಾವಣೆಯಲ್ಲಿ ವರ್ಷಗಟ್ಟಲೆ ಬಾಳಿಯೂ ಕನ್ನಡವನ್ನು ಸದ್ದೆಂದು ತಿಳಿದವರನ್ನು ಕಂಡರೆ ನಮಗೆ ಕೋಪ ಬರುತ್ತದೆ. ಬರಬೇಕಾದದ್ದೇ. ಆದರೆ ನ್ಯಾಯ ಇಬ್ಬರಿಗೂ ಒಂದೇ ಆಗಿರಬೇಡವೆ?

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ತಾಯಿಯ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು 'ಆಲು', ಹಸು 'ಅಸು'. ಶತಪಥದ ಅಸುರರ ಕಥೆಯನ್ನು ಓದುವಾಗ ನನ್ನ ಮನಸ್ಸು ದೇವತೆಗಳ ಪಕ್ಷದಲ್ಲಿ ನಿಲ್ಲದೆ ಹೋದದ್ದು ಇದರಿಂದ. ನಮ್ಮಲ್ಲಿ ಅನೇಕರ ಮನೆಗಳಲ್ಲಿಯೂ ಹೀಗೆಯೇ ಇರಬಹುದು.

ಆದುದರಿಂದ ನನ್ನ ಸಲಹೆ ಇಷ್ಟೆ. ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿ ಎಲೆ ಉಟ್ಟು, ಮಸಿ ಬಳಿದುಕೊಂಡು, ಬಾಯಿಗೆ ಬಂದ ಸದ್ದು ಮಾಡುವ 'ಕಾಡುಜನರ ನೃತ್ಯ' ಒಂದು ತಪ್ಪದೆ ಬರುತ್ತದೆ. ಅದನ್ನು ಇನ್ನು ಕೈಬಿಡೋಣ. ಕಾಡಿನ ಜನರೇ ನಾಟಕಕ್ಕೆ ಬೇಕೆಂದರೆ ಕೊರಗರೂ ಸೋಲಿಗರೂ ಜೇನುಕುರುಬರೂ ನಿಜವಾಗಿ ಆಡುವ ಮಾತೇನೆಂದು ಕೇಳಿ ತಿಳಿಯೋಣ. ಕಲ್ಪಿತ ಜನರೇ ಬೇಕೆಂದರೆ ಭಾಷಾಶಾಸ್ತ್ರದ ಅಧ್ಯಾಪಕರ ನೆರವಿನಿಂದ ಒಂದು ಭಾಷೆಯನ್ನೇ ಕಟ್ಟೋಣ. ವಿಭಕ್ತಿಪ್ರತ್ಯಯಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಹೊಸದಾಗಿ ಒಂದು ವಿಭಕ್ತಿಯನ್ನು ಹುಟ್ಟಿಸುವುದರಲ್ಲಿ ವ್ಯಾಕರಣ ಹೆಚ್ಚು ಚೆನ್ನಾಗಿ ಮನವರಿಕೆಯಾದೀತು. ಆದರೆ ಆ ಭಾಷೆಯಲ್ಲಿ ಕೊಲ್ಲು, ಕಡಿ ಎಂಬವಕ್ಕೆ ಮೊದಲು 'ಊಟ ಆಯಿತೆ?' ಎಂದು ಕೇಳುವುದಕ್ಕೆ ಪದಗಳಿರಲಿ. ಅಷ್ಟಾದರೆ ಆ ಜನ ಕಲ್ಪಿತರಾದರೂ ನಮ್ಮ ನೆರೆಯವರಾದಾರು.