ಮೂಗ್ ಅಲ್ಲ, ಮೋಗ್: ನಮ್ಮ ಲ್ಯಾಬ್‌ಗೊಂದು ಸ್ಪೀಕರ್ ಬೇಕು

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಎರಡು 'ಓ' ಕಂಡ ತಕ್ಷಣ ನಾವೆಲ್ಲ 'ಮೂಗ್' ಅಂತ ಓದ್ತೀವಿ, ಆಮೇಲೆ ಮೂಗು ಮುಟ್ಟಿಕೊಂಡು ನಗ್ತೀವಿ. ಆದ್ರೆ ಆ ಮನುಷ್ಯ ತನ್ನ ಹೆಸರನ್ನ ಹೇಳ್ತಿದ್ದದ್ದು 'ಮೋಗ್' ಅಂತ. ರಾಬರ್ಟ್ ಮೋಗ್. ಕನ್ನಡದಲ್ಲಿ ಬರೆಯೋದರ ಲಾಭ ಇದೇ, ಹೇಳೋ ಹಾಗೇ ಬರೆದರೆ ಆಯ್ತು, ಗೊಂದಲ ಇಲ್ಲ.

ರಾಬರ್ಟ್ ಮೋಗ್ ಅಮೆರಿಕದ ಎಂಜಿನಿಯರ್. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರುಮನ್ಸ್‌ಬರ್ಗ್ ಅನ್ನೋ ಸಣ್ಣ ಊರಲ್ಲಿ ಕೂತು, ವೋಲ್ಟೇಜ್‌ನಿಂದ ನಿಯಂತ್ರಿಸಬಹುದಾದ ಸಿಂಥಸೈಜರ್ ಮಾಡಿದವರು. ಅವರ ಕಂಪನಿಯ ಹೆಸರು ಇವತ್ತಿಗೂ ಸಿಂಥಸೈಜರ್‌ಗಳ ಮೇಲೆ ಇದೆ. ಸಂಗೀತದವರು ಅವರನ್ನ ಸಂಗೀತಕ್ಕಾಗಿ ನೆನೆಸಿಕೊಳ್ತಾರೆ. ಇ ಅಂಡ್ ಸಿ ಎರಡನೇ ವರ್ಷದಲ್ಲಿರೋ ನಮಗೆ ಅವರು ಬೇರೆ ಕಾರಣಕ್ಕೆ ಮುಖ್ಯ ಅನ್ಸತ್ತೆ. ಈ ಸೆಮಿಸ್ಟರ್‌ನಲ್ಲಿ ನಾವು ಐದು ಮಾರ್ಕ್ಸ್‌ಗೆ ಬಾಯಿಪಾಠ ಮಾಡೋ ಸೂತ್ರಗಳಿಂದಲೇ ಅವರು ಒಂದು ವಾದ್ಯ ಕಟ್ಟಿದರು. ನಾವೋ, ಅದೇ ಸರ್ಕ್ಯೂಟ್‌ಗಳನ್ನ ಬ್ರೆಡ್‌ಬೋರ್ಡ್ ಮೇಲೆ ಕಟ್ಟಿ, ಸಿಆರ್‌ಓನಲ್ಲಿ ಒಂದು ಗೆರೆ ನೋಡಿ, ರೆಕಾರ್ಡ್ ಬುಕ್‌ನಲ್ಲಿ ಗ್ರಾಫ್ ಎಳೆದು, ಬಿಚ್ಚಿ ಡಬ್ಬಿಗೆ ಹಾಕ್ತೀವಿ. ಒಂದು ಸಲವೂ ಕೇಳಲ್ಲ. ಅನಲಾಗ್ ಲ್ಯಾಬ್‌ನಲ್ಲಿ ಸರ್ಕ್ಯೂಟ್‌ಗಳನ್ನ ಕಿವಿಗೂ ಕೇಳಿಸಬೇಕು ಅನ್ನೋದು ಈ ಲೇಖನದ ವಾದ.

ಸೂತ್ರದಿಂದಲೇ ಶುರು ಮಾಡೋಣ. ಮೋಗ್ ಸಿಂಥಸೈಜರ್‌ನಲ್ಲಿ ಕೀಬೋರ್ಡ್ ಒತ್ತಿದಾಗ ಹೊರಡೋದು ಒಂದು ವೋಲ್ಟೇಜ್. ಆ ವೋಲ್ಟೇಜ್ ಆಸಿಲೇಟರ್‌ಗೆ ಹೋಗಿ ಎಷ್ಟು ಎತ್ತರದ ಸ್ವರ ಅಂತ ಹೇಳತ್ತೆ. ಲೆಕ್ಕ ಸರಳ, ಒಂದು ವೋಲ್ಟ್‌ಗೆ ಒಂದು ಸ್ಥಾಯಿ. ಮಧ್ಯ ಸ್ಥಾಯಿಯ ಷಡ್ಜದಿಂದ ತಾರ ಷಡ್ಜಕ್ಕೆ ಹೋಗೋಕೆ ಒಂದು ವೋಲ್ಟ್ ಜಾಸ್ತಿ ಕೊಟ್ಟರೆ ಸಾಕು. ಆದ್ರೆ ಇಲ್ಲೊಂದು ತೊಡಕಿದೆ. ಒಂದು ಸ್ಥಾಯಿ ಮೇಲೆ ಹೋದರೆ ಫ್ರೀಕ್ವೆನ್ಸಿ ಎರಡರಷ್ಟು, ಎರಡು ಸ್ಥಾಯಿಗೆ ನಾಲ್ಕರಷ್ಟು, ಮೂರಕ್ಕೆ ಎಂಟರಷ್ಟು. ವೋಲ್ಟೇಜ್ ಕೂಡುತ್ತಾ ಹೋದರೆ ಫ್ರೀಕ್ವೆನ್ಸಿ ಗುಣಿಸುತ್ತಾ ಹೋಗಬೇಕು. ಈ ಕೆಲಸಕ್ಕೆ ಹೇಳಿ ಮಾಡಿಸಿದ ವಸ್ತು ನಮ್ಮ ಲ್ಯಾಬ್ ಡಬ್ಬಿಯಲ್ಲೇ ಬಿದ್ದಿದೆ, ಅದು ಟ್ರಾನ್ಸಿಸ್ಟರ್. ಬೇಸ್-ಎಮಿಟರ್ ವೋಲ್ಟೇಜ್ ಸುಮಾರು 18 ಮಿಲಿವೋಲ್ಟ್ ಏರಿದರೆ ಕಲೆಕ್ಟರ್ ಕರೆಂಟ್ ಎರಡರಷ್ಟಾಗತ್ತೆ. ಕೀಬೋರ್ಡ್‌ನ ಒಂದು ವೋಲ್ಟನ್ನ 18 ಮಿಲಿವೋಲ್ಟ್‌ಗೆ ಇಳಿಸಿ ಟ್ರಾನ್ಸಿಸ್ಟರ್‌ಗೆ ಕೊಟ್ಟರೆ ಸ್ಥಾಯಿ ಸಿಕ್ಕಿತು. ನಾವು ವೈವಾದಲ್ಲಿ ತಡವರಿಸೋ ಎಕ್ಸ್‌ಪೊನೆನ್ಷಿಯಲ್ ಸಮೀಕರಣ ಇಲ್ಲಿ ಸಂಗೀತದ ಕೆಲಸ ಮಾಡ್ತಿದೆ.

ಅದೇ ಸಮೀಕರಣದಲ್ಲಿ ತಾಪಮಾನವೂ ಕೂತಿದೆ, ಅದನ್ನ ನಾವು ಕೊಟ್ಟಿರೋ ಬೆಲೆ ಹಾಕಿ ಮರೆತುಬಿಡ್ತೀವಿ. ಹಳೇ ಸಿಂಥಸೈಜರ್ ಇಟ್ಟುಕೊಂಡವರಿಗೆ ಮರೆಯೋಕೆ ಆಗಲ್ಲ. ಸ್ವಿಚ್ ಹಾಕಿ ಸ್ವಲ್ಪ ಹೊತ್ತು ಬೆಚ್ಚಗಾಗೋವರೆಗೆ ಅದು ಶ್ರುತಿಯಲ್ಲಿ ನಿಲ್ಲಲ್ಲ. ವೇದಿಕೆ ಮೇಲೆ ದೀಪಗಳ ಬಿಸಿಗೆ ಮತ್ತೆ ಜಾರತ್ತೆ. ತಾಪಮಾನದ ಪರಿಣಾಮ ಅಂತ ನಾವು ಎರಡು ಸಾಲು ಬರೆಯೋದನ್ನ ಅವರು ಕಿವಿಯಿಂದ ಕಲಿತಿದ್ದಾರೆ.

ಇನ್ನು ಮೋಗ್‌ಗೆ ಹೆಸರು ತಂದ ಫಿಲ್ಟರ್. 1969ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿದ್ದು ಇದಕ್ಕೆ. ಏಣಿಯ ಮೆಟ್ಟಿಲುಗಳ ಹಾಗೆ ಟ್ರಾನ್ಸಿಸ್ಟರ್ ಜೋಡಿಗಳು ಒಂದರ ಮೇಲೊಂದು, ನಡುನಡುವೆ ಕೆಪಾಸಿಟರ್. ಅದಕ್ಕೇ ಲ್ಯಾಡರ್ ಫಿಲ್ಟರ್ ಅಂತ ಹೆಸರು. ಟ್ರಾನ್ಸಿಸ್ಟರ್‌ನ ಎಮಿಟರ್ ರೆಸಿಸ್ಟೆನ್ಸ್ ಎಷ್ಟು ಅಂತ ಕೇಳಿದರೆ ನಾವೆಲ್ಲ 26 ಮಿಲಿವೋಲ್ಟನ್ನ ಕರೆಂಟ್‌ನಿಂದ ಭಾಗಿಸ್ತೀವಿ. ಮೋಗ್ ಮಾಡಿದ್ದೂ ಅದನ್ನೇ. ಕರೆಂಟ್ ಬದಲಾಯಿಸಿದರೆ ಆ ರೆಸಿಸ್ಟೆನ್ಸ್ ಬದಲಾಗತ್ತೆ, ರೆಸಿಸ್ಟೆನ್ಸ್ ಬದಲಾದರೆ ಫಿಲ್ಟರ್‌ನ ಕಟ್-ಆಫ್ ಸರಿಯತ್ತೆ. ಒಂದೊಂದು ಮೆಟ್ಟಿಲಿಗೆ ಸ್ಥಾಯಿಗೆ 6 ಡಿಬಿ, ನಾಲ್ಕಕ್ಕೆ 24 ಡಿಬಿ. ಕೊನೆಯಿಂದ ಸ್ವಲ್ಪ ಸಿಗ್ನಲ್ ವಾಪಸ್ ಮೊದಲಿಗೆ ಕೊಟ್ಟರೆ ಕಟ್-ಆಫ್ ಹತ್ತಿರದ ಸ್ವರಗಳು ಎದ್ದು ಕೇಳಿಸ್ತವೆ. ಇನ್ನೂ ಜಾಸ್ತಿ ಕೊಟ್ಟರೆ ಫಿಲ್ಟರ್ ತಾನೇ ಸಿಳ್ಳೆ ಹಾಕೋಕೆ ಶುರು ಮಾಡತ್ತೆ. ಬಾರ್ಕ್‌ಹೌಸನ್ ಕ್ರೈಟೀರಿಯನ್ ಅಂದ್ರೆ ಏನು ಅಂತ ಆ ಸಿಳ್ಳೆಯನ್ನ ಒಂದು ಸಲ ಕೇಳಿದವರು ಪರೀಕ್ಷೆ ಮುಗಿದ ಮೇಲೂ ಮರೆಯಲ್ಲ.

ಇಷ್ಟನ್ನೂ ಮೋಗ್ ಒಬ್ಬರೇ ಕೂತು ಯೋಚಿಸಿದ್ದಲ್ಲ, ನಮಗೆ ಎಲ್ಲಕ್ಕಿಂತ ಇಷ್ಟವಾಗಿದ್ದೂ ಇದೇ. 1964ರ ಬೇಸಿಗೆಯಲ್ಲಿ ಅವರ ಪಕ್ಕದಲ್ಲಿ ಕೂತವರು ಹರ್ಬರ್ಟ್ ಡಾಯ್ಚ್ ಅನ್ನೋ ಸಂಗೀತ ಮೇಷ್ಟ್ರು. ಸ್ವರ ದಪ್ ಅಂತ ಶುರುವಾಗಿ ದಪ್ ಅಂತ ನಿಲ್ಲಬಾರದು, ಮೆಲ್ಲಗೆ ಎದ್ದು ಮೆಲ್ಲಗೆ ಇಳಿಯಬೇಕು ಅಂತ ಅವರಿಗೆ ಬೇಕಿತ್ತು. ಮೋಗ್ ಅವರನ್ನ ಅಂಗಡಿಗೆ ಕಳಿಸಿ ಬಾಗಿಲ ಕಾಲಿಂಗ್ ಬೆಲ್‌ನ ಬಟನ್ ತರಿಸಿದರು, ಒತ್ತಿದರೆ ಕೆಪಾಸಿಟರ್ ಚಾರ್ಜ್ ಆಗೋ ಹಾಗೆ, ಬಿಟ್ಟರೆ ಡಿಸ್ಚಾರ್ಜ್ ಆಗೋ ಹಾಗೆ ಜೋಡಿಸಿದರು. ನಮ್ಮ ಮೊದಲ ವರ್ಷದ ಆರ್‌ಸಿ ಸರ್ಕ್ಯೂಟ್ ಅದು. ಮುಂದಿನ ವರ್ಷ ವ್ಲಾದಿಮಿರ್ ಉಸಚೆವ್‌ಸ್ಕಿ ಅನ್ನೋ ಇನ್ನೊಬ್ಬ ಸಂಗೀತಗಾರ, ಏರಿಕೆ ಇಳಿಕೆಯನ್ನ ನಾಲ್ಕು ಭಾಗ ಮಾಡಿ ಹೀಗೆ ಬೇಕು ಅಂತ ಕೇಳಿದರು. ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಅಂತ ಇವತ್ತು ಫೋನಿನ ಮ್ಯೂಸಿಕ್ ಆ್ಯಪ್‌ನಲ್ಲೂ ಇರೋ ನಾಲ್ಕು ನಾಬ್‌ಗಳ ಮೂಲ ಅಲ್ಲಿದೆ. ವೆಂಡಿ ಕಾರ್ಲೋಸ್ ಬೆರಳಿನ ಒತ್ತಡಕ್ಕೆ ಸ್ಪಂದಿಸೋ ಕೀಬೋರ್ಡ್ ಬೇಕು ಅಂದರು, ಅದನ್ನೂ ಮಾಡಿಕೊಟ್ಟರು. 1968ರಲ್ಲಿ ಕಾರ್ಲೋಸ್ ಅದರಲ್ಲಿ ಬಾಖ್‌ನ ಸಂಗೀತ ನುಡಿಸಿ ಮಾಡಿದ 'ಸ್ವಿಚ್ಡ್-ಆನ್ ಬಾಖ್' ಆಲ್ಬಂಗೆ ಮೂರು ಗ್ರ್ಯಾಮಿ ಬಂತು. ಕಿವಿ ಇದ್ದವರು ಕೇಳಿದರು, ಕೈ ಇದ್ದವರು ಮಾಡಿಕೊಟ್ಟರು. ನಮ್ಮ ಲ್ಯಾಬ್‌ನಲ್ಲಿ ಕೇಳೋರು ಯಾರು? ಮ್ಯಾನ್ಯುಯಲ್‌ನ ಏಳನೇ ಪುಟ.

1970ರಲ್ಲಿ ಬಂದ ಮಿನಿಮೋಗ್‌ನಲ್ಲಿ ಈ ಕೇಳಿ-ಮಾಡೋ ಗುಣ ಎದ್ದು ಕಾಣತ್ತೆ. ಅದಕ್ಕೆ ಮೊದಲಿನ ಮೋಗ್‌ಗಳು ಬೀರುವಿನಷ್ಟು ದೊಡ್ಡವು, ತುಂಬಾ ವೈರು. ಮಿನಿಮೋಗ್‌ನಲ್ಲಿ ಮೂರು ಆಸಿಲೇಟರ್, ಒಂದು ಫಿಲ್ಟರ್, 44 ಕೀ, ಒಂದು ಸಲಕ್ಕೆ ಒಂದೇ ಸ್ವರ. ಕೀಬೋರ್ಡ್‌ನ ಎಡಕ್ಕೆ ಎರಡು ಚಕ್ರ ಇಟ್ಟರು, ಒಂದನ್ನ ತಿರುಗಿಸಿದರೆ ಸ್ವರ ಜಾರತ್ತೆ. ಸಂಗೀತ ಕ್ಲಾಸಿಗೆ ಹೋದವರು ನಮ್ಮಲ್ಲೂ ಇದ್ದೀರಿ, ನಿಮಗೆ ಗೊತ್ತು, ಜಾರದೇ ಇದ್ದರೆ ಗಮಕ ಇಲ್ಲ. ಮಾಮೂಲಿ ಕೀಬೋರ್ಡ್‌ನಲ್ಲಿ ರಾಗ ನುಡಿಸಿದರೆ ಏನೋ ಕಮ್ಮಿ ಅನ್ನಿಸೋದು ಇದಕ್ಕೇ. ಆ ಕೊರತೆಗೆ ಒಂದು ಚಕ್ರ, ಒಂದು ಪೊಟೆನ್ಷಿಯೋಮೀಟರ್ ಸಾಕಾಯ್ತು.

ಭಾರತಕ್ಕೂ ಒಂದು ಮೋಗ್ ಬಂದಿತ್ತು, ಅದೂ ಒಂದು ಕಾಲೇಜಿಗೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದ್ರೆ ಎನ್‌ಐಡಿಯಲ್ಲಿ, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೋಗ್ ಇರುವ ಸ್ಟುಡಿಯೋ ಸ್ಥಾಪಿಸಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನ್‌ರಾಜ್ ಜೋಶಿಪುರ ಮುಂತಾದವರು ಅಲ್ಲಿ ಕೆಲಸ ಮಾಡಿದರು. ಕೆಲವೇ ವರ್ಷ ನಡೆಯಿತು, ಆಮೇಲೆ ಟೇಪುಗಳು ದಶಕಗಳ ಕಾಲ ಸಂಗ್ರಹದಲ್ಲೇ ಉಳಿದವು. ಪಾಲ್ ಪರ್ಗಾಸ್ ಅವನ್ನ ಹುಡುಕಿ ತೆಗೆದ ಮೇಲೆ 2023ರಲ್ಲಿ ಆಲ್ಬಂ ಆಗಿ ಹೊರಬಂತು. ಕೇಳಿ ನೋಡಿ. ಐವತ್ತು ವರ್ಷದ ಹಿಂದೆ ನಮ್ಮ ದೇಶದ ಒಂದು ಕ್ಯಾಂಪಸ್‌ನಲ್ಲಿ ಆಸಿಲೇಟರ್‌ಗಳನ್ನ ಕಿವಿಗೊಟ್ಟು ಕೇಳಿದ ಜನ ಇದ್ದರು.

ಇನ್ನು ನಮ್ಮ ವಾದಕ್ಕೆ ಬರೋ ಆಕ್ಷೇಪಗಳು. ಕ್ಯಾಂಟೀನ್‌ನಲ್ಲಿ ಎರಡೂ ಕೇಳಿದ್ದೀವಿ.

ಮೊದಲನೇದು, 'ಅನಲಾಗ್ ಸತ್ತು ಹೋಗಿದೆ, ಪ್ಲೇಸ್‌ಮೆಂಟ್‌ಗೆ ಕೋಡಿಂಗ್ ಕಲೀರಿ.' ಕೋಡಿಂಗ್ ಕಲಿಯಲೇಬೇಕು, ಕಲೀತಿದ್ದೀವಿ. ಲ್ಯಾಪ್‌ಟಾಪ್‌ನ ಒಂದು ಪ್ಲಗಿನ್ ಇವತ್ತು ಮಿನಿಮೋಗ್ ಹಾಗೆಯೇ ನುಡಿಯತ್ತೆ ಅನ್ನೋದೂ ಹೌದು. ಆದ್ರೆ ಆ ಪ್ಲಗಿನ್ ಬರೆದವರು ಲ್ಯಾಡರ್ ಫಿಲ್ಟರ್‌ನ ಟ್ರಾನ್ಸಿಸ್ಟರ್ ದೊಡ್ಡ ಸಿಗ್ನಲ್‌ಗೆ ಹೇಗೆ ಬಾಗತ್ತೆ ಅಂತ ಅರ್ಥ ಮಾಡಿಕೊಂಡೇ ಕೋಡ್ ಬರೆಯಬೇಕು. ಅನಲಾಗ್ ಸತ್ತಿತು ಅನ್ನೋ ಸುದ್ದಿಯೂ ಹೊಸದಲ್ಲ. 1983ರಲ್ಲಿ ಯಮಾಹಾದ ಡಿಜಿಟಲ್ ಡಿಎಕ್ಸ್7 ಬಂದಾಗ ಎಲ್ಲರೂ ಅದನ್ನೇ ಅಂದರು, ಆ ದಶಕದಲ್ಲೇ ಮೋಗ್ ಕಂಪನಿಯೂ ಮುಚ್ಚಿತು. 2002ರಲ್ಲಿ ರಾಬರ್ಟ್ ಮೋಗ್ ತಮ್ಮ ಹೆಸರನ್ನ ವಾಪಸ್ ಪಡೆದು ಮಿನಿಮೋಗ್ ವಾಯೇಜರ್ ತಂದರು, ಜನ ಕೊಂಡರು. ಡಿಎಕ್ಸ್7ನಲ್ಲಿ ಶಬ್ದ ಬದಲಾಯಿಸೋಕೆ ಸಣ್ಣ ಪರದೆ ಮೇಲೆ ನಂಬರ್ ಒತ್ತುತ್ತಾ ಹೋಗಬೇಕು. ಮೋಗ್‌ನಲ್ಲಿ ಒಂದು ಕೆಲಸಕ್ಕೆ ಒಂದು ನಾಬ್. ಕೈ ತಿರುಗಿಸತ್ತೆ, ಕಿವಿ ಕೇಳತ್ತೆ, ತಲೆಗೆ ಹೋಗತ್ತೆ. ಕಲಿಯೋರಿಗೆ ಬೇಕಾಗಿರೋದೂ ಇದೇ ಅಲ್ವಾ?

ಎರಡನೇ ಆಕ್ಷೇಪ ಇನ್ನೊಂದು ಕಡೆಯಿಂದ ಬರತ್ತೆ. 'ನಿಜವಾದ ಮೋಗ್ ಅಂದ್ರೆ ಹಳೇ ಮರದ ಪೆಟ್ಟಿಗೆ, ಮಿಕ್ಕಿದ್ದೆಲ್ಲ ನಕಲಿ.' ಈ ಭಕ್ತಿ ನಮಗೆ ಒಗ್ಗಲ್ಲ. ಶುರುವಿನಲ್ಲಿ ಮಿನಿಮೋಗ್ ಬೆಲೆ 1,495 ಡಾಲರ್. ಕಂಪನಿಯೇ 2022ರಲ್ಲಿ ಮತ್ತೆ ತಯಾರಿಸಿದಾಗ 4,999 ಡಾಲರ್. ನಮ್ಮಲ್ಲಿ ಹಲವರ ವರ್ಷದ ಫೀಸ್‌ಗಿಂತ ಜಾಸ್ತಿ. ಪೇಟೆಂಟ್ ಅವಧಿ 1980ರ ದಶಕದಲ್ಲೇ ಮುಗಿದಿದೆ, ಸರ್ಕ್ಯೂಟ್ ಈಗ ಎಲ್ಲರದ್ದು. ಬೆಹ್ರಿಂಗರ್ ಕಂಪನಿ ಅದೇ ವಿನ್ಯಾಸವನ್ನ ಸುಮಾರು 300 ಡಾಲರ್‌ಗೆ ಮಾರಿತು. ಕೊಂಡವರನ್ನ ನಾವು ಬೈಯಲ್ಲ. ಆದ್ರೆ ಅಗ್ಗದ ನಕಲು ಸಿಕ್ಕಿತು ಅಂತ ಕಥೆ ಮುಗಿಯಲ್ಲ, ಯಾಕಂದ್ರೆ ವಾದ್ಯದ ಹಿಂದೆ ಜನ ಇದ್ದಾರೆ. ನಾರ್ತ್ ಕ್ಯಾರೊಲೈನಾದ ಆಶ್‌ವಿಲ್‌ನಲ್ಲಿ ಮೋಗ್ ಕಂಪನಿಯ ಕೆಲಸಗಾರರಿಗೆ 2015ರಲ್ಲಿ ಕಂಪನಿಯ ಪಾಲು ಸಿಕ್ಕಿತ್ತು. 2023ರಲ್ಲಿ ಇನ್‌ಮ್ಯೂಸಿಕ್ ಅನ್ನೋ ದೊಡ್ಡ ಸಂಸ್ಥೆ ಕಂಪನಿಯನ್ನ ಕೊಂಡಿತು, ಅದೇ ವರ್ಷ ಅಲ್ಲಿ ಬಹಳ ಜನ ಕೆಲಸ ಕಳಕೊಂಡರು. ಸ್ವತಃ ರಾಬರ್ಟ್ ಮೋಗ್ ಕೂಡ 1977ರಲ್ಲಿ ತಮ್ಮದೇ ಹೆಸರಿನ ಕಂಪನಿಯನ್ನ ಬಿಟ್ಟು ಹೊರಟಿದ್ದರು, ಆಗ ಅದರ ಮಾಲೀಕರು ಬೇರೆಯವರು. ಹೆಸರು ಮಾರಾಟ ಆಗತ್ತೆ, ಫ್ಯಾಕ್ಟರಿ ಊರು ಬಿಡತ್ತೆ. ನಾಳೆ ನಾವೂ ಯಾವುದೋ ಹೆಸರಿನ ಕೆಳಗೆ ಕೆಲಸ ಮಾಡೋರು, ಹಾಗಾಗಿ ಇದು ದೂರದ ಸುದ್ದಿ ಅನ್ನಿಸಲ್ಲ. ಹೀಗೆ ಕೈ ಬದಲಾದಾಗ ನಮ್ಮ ಜೊತೆ ಬರೋದು ನಾವು ನಿಜವಾಗಿ ಅರ್ಥ ಮಾಡಿಕೊಂಡ ವಿದ್ಯೆ ಮಾತ್ರ.

ಆದ್ದರಿಂದ ನಾವು ಯಾವ ಪೆಟ್ಟಿಗೆಯನ್ನೂ ಕೊಡಿಸಿ ಅಂತ ಕೇಳ್ತಿಲ್ಲ. ಮೋಗ್ ತಾವೇ ವಿದ್ಯಾರ್ಥಿಯಾಗಿದ್ದಾಗ ಥೆರೆಮಿನ್ ಅನ್ನೋ ವಾದ್ಯದ ಕಿಟ್‌ಗಳನ್ನ ಮಾರಿ ಬದುಕಿದವರು, ಕೊಂಡವರು ಮನೆಯಲ್ಲಿ ಬೆಸುಗೆ ಹಾಕಿ ಕಲಿತರು. ಆ ದಾರಿ ನಮಗೂ ಸಾಕು.

ಡಿಪಾರ್ಟ್‌ಮೆಂಟಿಗೆ ನಮ್ಮ ಬೇಡಿಕೆ ಮೂರು. ಒಂದು, ಅನಲಾಗ್ ಲ್ಯಾಬ್‌ನ ಪ್ರತಿ ಬೆಂಚಿಗೆ ಒಂದು ಸಣ್ಣ ಸ್ಪೀಕರ್, ಜೊತೆಗೆ ಎಲ್‌ಎಂ386 ಆಂಪ್ಲಿಫೈಯರ್. ಇದು ಎಸ್‌ಪಿ ರೋಡ್‌ನಲ್ಲಿ ಸಿಗೋ ಮಾಮೂಲಿ ಸಾಮಾನು. ಎರಡು, ಫಿಲ್ಟರ್ ಮತ್ತು ಆಸಿಲೇಟರ್ ಪ್ರಯೋಗಗಳಲ್ಲಿ ಗ್ರಾಫ್ ಎಳೆಯೋ ಮುಂಚೆ ಐದು ನಿಮಿಷ ಕೇಳೋದು, ಕೇಳಿದ್ದನ್ನ ರೆಕಾರ್ಡ್ ಬುಕ್‌ನಲ್ಲಿ ಎರಡು ಸಾಲು ನಮ್ಮ ಮಾತಲ್ಲಿ ಬರೆಯೋದು. ಕನ್ನಡದಲ್ಲಿ ಬರೆದರೂ ಮಾರ್ಕ್ಸ್ ಕಟ್ ಮಾಡಬಾರದು. ಮೂರು, ಮಿನಿ ಪ್ರಾಜೆಕ್ಟ್ ಪಟ್ಟಿಯಲ್ಲಿ ಲೈನ್ ಫಾಲೋವರ್ ರೋಬೋ, ಸ್ಮಾರ್ಟ್ ಡಸ್ಟ್‌ಬಿನ್‌ಗಳ ಪಕ್ಕದಲ್ಲಿ ಒಂದು ಲ್ಯಾಡರ್ ಫಿಲ್ಟರ್‌ಗೂ ಜಾಗ ಕೊಡೋದು.

ಕ್ಲಬ್ಬಿನ ಸಂಗೀತದವರಿಗೂ ಒಂದು ಮಾತು. ನಾವು ಕಟ್ಟೋಕೆ ರೆಡಿ ಇದ್ದೀವಿ, ಆದ್ರೆ ಏನು ಬೇಕು ಅಂತ ಕೇಳೋರು ನೀವಾಗಬೇಕು. ಸ್ವರ ಎಷ್ಟು ನಿಧಾನಕ್ಕೆ ಏರಬೇಕು, ಗಾಂಧಾರ ಎಷ್ಟು ಜಾರಬೇಕು, ಯಾವ ಶಬ್ದ ಕಿವಿಗೆ ಚುಚ್ಚತ್ತೆ ಅಂತ ಬಂದು ಹೇಳಿ. ಬುಧವಾರ ಮಧ್ಯಾಹ್ನ ಲ್ಯಾಬ್ ಮುಗಿದ ಮೇಲೆ ನಾವು ಅಲ್ಲೇ ಇರ್ತೀವಿ. ಕಾಲಿಂಗ್ ಬೆಲ್ ಬಟನ್ ಬೇಕಾದರೆ ನಾವೇ ತರ್ತೀವಿ.