ಅಯಸ್ಕಾಂತ ಬಿಸಿ ಮಾಡಿದರೆ ಕರೆಂಟ್ ಬರುತ್ತದೆಯೇ? ಅಸಲಿ ವಿಷಯ ಇಲ್ಲಿದೆ

“ಮನೆಯಲ್ಲಿ ಅಯಸ್ಕಾಂತ ಇದ್ದರೆ ಸಾಕು, ಬಿಲ್ ಇಲ್ಲದೆ ಕರೆಂಟ್” ಎನ್ನುವಂಥ ಫಾರ್ವರ್ಡ್‌ಗಳು ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತವೆ. ಅಯಸ್ಕಾಂತಕ್ಕೆ ಶಾಖ ಕೊಟ್ಟು ವೋಲ್ಟೇಜ್ ಪಡೆಯುವ ಸಂಶೋಧನೆ ಇರುವುದಂತೂ ನಿಜ. ಆದರೆ ಅದು ಬಿಟ್ಟಿ ಕರೆಂಟ್ ಅಲ್ಲ. ಏಕೆ ಎಂದು ನೋಡೋಣ.

ಅಯಸ್ಕಾಂತದೊಳಗೆ ಅಲೆ

ಸ್ಪೀಕರ್‌ ಹಿಂಬದಿಯಲ್ಲಿರುವ ಕಪ್ಪು ಅಯಸ್ಕಾಂತ ಹೆಚ್ಚಾಗಿ ಫೆರೈಟ್‌ನದು. ಇದರಲ್ಲಿ ವಿದ್ಯುತ್ ಹೆಚ್ಚುಕಡಿಮೆ ಹರಿಯುವುದೇ ಇಲ್ಲ. ಇಂಥವನ್ನು ಅವಾಹಕ ಅಯಸ್ಕಾಂತ ಎನ್ನುತ್ತಾರೆ. ಇಲ್ಲಿ ಎಲೆಕ್ಟ್ರಾನ್‌ಗಳು ಜಾಗ ಬಿಟ್ಟು ಓಡುವುದಿಲ್ಲ. ಆದರೆ ‘ಸ್ಪಿನ್’ ಎಂಬ ಗುಣದಿಂದಾಗಿ ಪ್ರತಿಯೊಂದೂ ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಒಂದು ಸ್ಪಿನ್ ವಾಲಿದರೆ ಪಕ್ಕದ್ದೂ ವಾಲುತ್ತದೆ. ಗಾಳಿಗೆ ಭತ್ತದ ಗದ್ದೆ ತೂಗಿದ ಹಾಗೆ: ಪೈರು ನಿಂತಲ್ಲೇ ಇರುತ್ತದೆ, ಅಲೆ ಮಾತ್ರ ಮುಂದೆ ಸಾಗುತ್ತದೆ. ಇದೇ ಸ್ಪಿನ್ ಅಲೆ. 1930ರಲ್ಲಿ ಫೆಲಿಕ್ಸ್ ಬ್ಲಾಖ್ ಎಂಬ ಭೌತವಿಜ್ಞಾನಿ ಈ ಕಲ್ಪನೆಯನ್ನು ಮಂಡಿಸಿದರು.

ಶಾಖ ಏನು ಮಾಡುತ್ತದೆ?

ವಸ್ತು ಬಿಸಿಯಾದಂತೆ ಅದರ ಪರಮಾಣುಗಳು ಹೆಚ್ಚು ಕಂಪಿಸುತ್ತವೆ. ಈ ಕಂಪನಗಳು ಸ್ಪಿನ್ ಅಲೆಗಳ ಜೊತೆ ಶಕ್ತಿಯನ್ನು ಹಂಚಿಕೊಳ್ಳುತ್ತವೆ, ಅಲೆಗಳು ಹೆಚ್ಚುತ್ತವೆ. ಸ್ಪಿನ್‌ಗಳ ಸಾಲು ಅಷ್ಟಷ್ಟೇ ಕದಡುವುದರಿಂದ ಬಿಸಿಯಾದ ಅಯಸ್ಕಾಂತದ ಬಲ ಕುಗ್ಗುತ್ತದೆ. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಸುವ ಯಿಟ್ರಿಯಂ ಐರನ್ ಗಾರ್ನೆಟ್ ಎಂಬ ಅವಾಹಕ ಸುಮಾರು 285 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನ ಕಾಂತತ್ವವನ್ನೇ ಕಳೆದುಕೊಳ್ಳುತ್ತದೆ.

ಒಂದು ತುದಿ ಬಿಸಿ, ಇನ್ನೊಂದು ತಂಪಾಗಿದ್ದರೆ ಸ್ಪಿನ್ ಅಲೆಗಳು ಬಿಸಿ ಕಡೆಯಿಂದ ತಂಪಿನ ಕಡೆಗೆ ಹರಿಯುತ್ತವೆ. ಗಾರ್ನೆಟ್ ಮೇಲೆ ಪ್ಲಾಟಿನಂನ ತೆಳು ಪದರ ಲೇಪಿಸಿದರೆ ಅಲೆಗಳು ತಮ್ಮ ಸ್ಪಿನ್ ಅನ್ನು ಅಲ್ಲಿನ ಎಲೆಕ್ಟ್ರಾನ್‌ಗಳಿಗೆ ದಾಟಿಸುತ್ತವೆ. ಆ ಎಲೆಕ್ಟ್ರಾನ್‌ಗಳು ಪಕ್ಕಕ್ಕೆ ಸರಿದು ವೋಲ್ಟೇಜ್ ಹುಟ್ಟುತ್ತದೆ. ಇದಕ್ಕೆ ಸ್ಪಿನ್ ಸೀಬೆಕ್ ಪರಿಣಾಮ ಎಂದು ಹೆಸರು. ಜಪಾನಿನ ಸಂಶೋಧಕರು 2008ರಲ್ಲಿ ಲೋಹದ ಅಯಸ್ಕಾಂತದಲ್ಲಿ, 2010ರಲ್ಲಿ ಗಾರ್ನೆಟ್ ಜಾತಿಯ ಅವಾಹಕದಲ್ಲಿ ಇದನ್ನು ವರದಿ ಮಾಡಿದರು.

ಹಾಗಾದರೆ ಮನೆಗೆ ಕರೆಂಟ್?

ಸಿಗುವುದಿಲ್ಲ. ಪ್ರಯೋಗಾಲಯದ ಸಣ್ಣ ತುಣುಕುಗಳಲ್ಲಿ ಸಿಗುವ ವೋಲ್ಟೇಜ್ ಸಾಮಾನ್ಯವಾಗಿ ಮೈಕ್ರೋವೋಲ್ಟ್‌ಗಳ ಲೆಕ್ಕದಲ್ಲಿರುತ್ತದೆ. ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ ಎಂದರೆ 15 ಲಕ್ಷ ಮೈಕ್ರೋವೋಲ್ಟ್! ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಶಕ್ತಿ ಬರುವುದು ಶಾಖದಿಂದ. ಅಯಸ್ಕಾಂತ ಬರೀ ದಾರಿ. ಎರಡೂ ತುದಿಗಳ ಬಿಸಿ ಒಂದೇ ಆದರೆ ವೋಲ್ಟೇಜ್ ಸೊನ್ನೆ.

ಹಾಗೆಂದು ಈ ಸಂಶೋಧನೆ ವ್ಯರ್ಥವಲ್ಲ. ಯಂತ್ರಗಳಿಂದ ಸೋರಿಹೋಗುವ ಶಾಖವನ್ನು ಬಳಸಿಕೊಳ್ಳುವುದು, ಕಡಿಮೆ ಬಿಸಿಯಾಗುವ ಚಿಪ್ ರೂಪಿಸುವುದು ಇದರ ಹಿಂದಿರುವ ಆಸೆಗಳು.

ಮುಂದಿನ ಬಾರಿ ‘ಮ್ಯಾಗ್ನೆಟ್ ಜನರೇಟರ್’ ವಿಡಿಯೊ ಬಂದರೆ, ಹಂಚುವ ಮೊದಲು, ಮುಂಗಡ ಹಣ ಕಳಿಸುವ ಮೊದಲಂತೂ ಖಂಡಿತ, ಒಂದೇ ಪ್ರಶ್ನೆ ಕೇಳಿ: ಇದಕ್ಕೆ ಶಕ್ತಿ ಎಲ್ಲಿಂದ ಬರುತ್ತಿದೆ? ಅದಕ್ಕೆ ಉತ್ತರವಿಲ್ಲದಿದ್ದರೆ ಆ ಫಾರ್ವರ್ಡ್ ನಿಮ್ಮಲ್ಲೇ ನಿಲ್ಲಲಿ.