ಹೊಗೆ ಬಿಡುವವರೊಬ್ಬರು, ಕುಡಿಯುವವರೊಬ್ಬರು



ಗಾಳಿ ಎಲ್ಲರಿಗೂ ಒಂದೇ ಎಂದು ನಾವು ವೇದಿಕೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ನಗರದ ರಸ್ತೆಯ ಮಟ್ಟಿಗೆ ಇದು ಸುಳ್ಳು. ಸರ್ಕಾರಿ ಇಂಜಿನಿಯರ್ ಆಗಿ ನಿವೃತ್ತನಾದ ನಾನು ಈಗ ಕಾರ್ಕಳದ ಬಳಿಯ ಕುಕ್ಕುಂದೂರಿನಲ್ಲಿ ನೆಲೆಸಿದ್ದೇನೆ. ಇಲ್ಲಿ ಉಸಿರಾಡಲು ಯೋಚಿಸಬೇಕಾಗಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ದಿನವಿಡೀ ನಿಲ್ಲುವವರಿಗೆ ಆ ಭಾಗ್ಯವಿಲ್ಲ.

ವಾಹನದ ಹೊಗೆಯ ಕಣಗಳು 2.5 ಮೈಕ್ರಾನ್‌ಗಿಂತಲೂ ಸಣ್ಣವು. ಅವು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ರಸ್ತೆಯಂಚಿನಲ್ಲಿ ಹೊಗೆ ದಟ್ಟ, ಕೆಲವು ನೂರು ಮೀಟರ್ ಆಚೆಗೆ ತೆಳು. ಎರಡೂ ಬದಿ ಎತ್ತರದ ಕಟ್ಟಡಗಳಿದ್ದರೆ ಗಾಳಿಯಾಡದೆ ಅದು ಅಲ್ಲೇ ನಿಲ್ಲುತ್ತದೆ. ಕಾರಿನ ಗಾಜು ಏರಿಸಿ, ಒಳಗಿನ ಗಾಳಿಯನ್ನೇ ತಂಪು ಮಾಡಿಕೊಂಡು ಕೂತವರಿಗೆ ಅದರ ಸಣ್ಣ ಪಾಲು. ದೊಡ್ಡ ಪಾಲು ಪೌರಕಾರ್ಮಿಕರಿಗೆ, ಸಂಚಾರ ಪೊಲೀಸರಿಗೆ, ಆಟೋ ಚಾಲಕರಿಗೆ, ತಳ್ಳುಗಾಡಿಯವರಿಗೆ, ಬಸ್ಸಿಗೆ ಕಾಯುವವರಿಗೆ. ಬೆಂಗಳೂರಿನ ಪೌರಕಾರ್ಮಿಕರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು. ಹೊಗೆಗೆ ಜಾತಿಯಿಲ್ಲ, ಆದರೆ ಹೊಗೆಯಲ್ಲಿ ಯಾರು ನಿಲ್ಲಬೇಕೆಂದು ಜಾತಿಯೇ ಗೊತ್ತು ಮಾಡಿದೆ.

ಬೆಂಗಳೂರಿನ ಮಾತು ನಮಗೇಕೆ ಎನ್ನಬೇಡಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳೂ ಇವೆ. ನಮ್ಮ ಮಕ್ಕಳು ಓದುವ ಊರುಗಳಿವು. ಈ ಕಾರ್ಯಕ್ರಮ ನಗರಗಳ ಸಾಧನೆ ಅಳೆಯುವುದು 10 ಮೈಕ್ರಾನ್‌ವರೆಗಿನ ಧೂಳಿನ ಲೆಕ್ಕದಲ್ಲಿ. ಹಾಗಾಗಿ ರಸ್ತೆಗೆ ನೀರು ಚಿಮುಕಿಸಿದರೂ ಅಂಕ ಸಿಗುತ್ತದೆ, ಹೊಗೆ ಇದ್ದಂತೆಯೇ ಇರುತ್ತದೆ. ಸೂಕ್ಷ್ಮ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಆ ಅಳತೆಯಾದರೂ ಎಲ್ಲಿ? ಅನೇಕ ಯಂತ್ರಗಳು ಕಟ್ಟಡದ ಮೇಲಿವೆ, ಕಸ ಗುಡಿಸುವಾಕೆಯ ಮೂಗು ರಸ್ತೆಯ ಮೇಲಿದೆ. ಊರಿನ ಸರಾಸರಿಯಲ್ಲಿ ಆಕೆಯ ಉಸಿರು ಲೆಕ್ಕಕ್ಕೇ ಬರುವುದಿಲ್ಲ.

ಇದಕ್ಕೆ ಸರ್ಕಾರ ಮುಂದಿಡುವ ಉತ್ತರ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆ. ಇಂಜಿನಿಯರನಾಗಿ ಹೇಳುತ್ತೇನೆ, ಸುರಂಗ ಹೊಗೆಯನ್ನು ನುಂಗುವುದಿಲ್ಲ, ಒಟ್ಟುಗೂಡಿಸಿ ಬೇರೆಡೆ ಹೊರಗೆ ಊದುತ್ತದೆ. ಆ ಬಾಯಿಯ ಪಕ್ಕ ಯಾರ ಮನೆಗಳಿರುತ್ತವೆ?

ಬೇಕಾದದ್ದು ಹೆಚ್ಚು ಬಸ್ಸು, ರಸ್ತೆಯಂಚಿನಲ್ಲೇ ಅಳತೆ, ವಾಹನ ದಟ್ಟಣೆಯ ಹೊತ್ತಿನಲ್ಲಿ ಗುಡಿಸುವ ಕೆಲಸಕ್ಕೆ ತಡೆ. ಇವನ್ನು ಸರ್ಕಾರದಿಂದ ಕೇಳೋಣ. ನಮ್ಮ ಮಠಗಳೂ ಶುರು ಮಾಡಲಿ: ಶಾಲೆಯ ಗೇಟಿನ ಮುಂದೆ ಇಂಜಿನ್ ಚಾಲೂ ಇಟ್ಟು ನಿಲ್ಲುವುದು ನಿಲ್ಲಲಿ, ಸಮಾವೇಶಗಳಿಗೆ ಕಾರುಗಳ ಸಾಲಿನ ಬದಲು ಬಸ್ಸುಗಳು ಹೊರಡಲಿ. ಕಾಯಕವನ್ನು ಕೊಂಡಾಡುವ ನಾವು ಕಾಯಕ ಮಾಡುವವರ ಕಾಯವನ್ನೇ ಮರೆತರೆ ಆ ಕೊಂಡಾಟಕ್ಕೆ ಅರ್ಥವೇನು?